ಸ್ವತ್ತು ಯಾರದು?

ಮನೆಯನ್ನು ಕಟ್ಟುವುದಕ್ಕೆ ವಿಧಿಗಳುಂಟು. ಸ್ಥಳಶುದ್ಧಿ, ಶಂಕುಸ್ಥಾಪನೆ, ವಾಸ್ತುಶಾಂತಿ, ಗೃಹಪ್ರವೇಶ ಇವುಗಳ ಕ್ರಮವನ್ನು ಪುರೋಹಿತರೆಲ್ಲರೂ ಬಲ್ಲರು. ಆದರೆ ಮೂರು ನಾಲ್ಕು ತಲೆಮಾರುಗಳು ಬಾಳಿದ ಮನೆಯನ್ನು ಬರಿದುಮಾಡಿ, ಬೀಗದ ಕೈಯನ್ನು ಪರರ ಕೈಗೆ ಒಪ್ಪಿಸುವುದಕ್ಕೆ ಯಾವ ಪ್ರಯೋಗಗ್ರಂಥದಲ್ಲಿಯೂ ನಾವು ವಿಧಿಯನ್ನು ಕಂಡಿಲ್ಲ. ಬೆಂಗಳೂರು, ಪುಣೆ, ಮುಂಬಯಿ ಮೊದಲಾದ ನಗರಗಳಲ್ಲಿಯೂ ಪರದೇಶಗಳಲ್ಲಿಯೂ ನೆಲಸಿರುವ ನಮ್ಮ ಸಮಾಜದ ಅನೇಕ ಕುಟುಂಬಗಳಿಗೆ ಈ ಕಾರ್ಯವು ಒಂದಲ್ಲ ಒಂದು ದಿನ ಒದಗತಕ್ಕದ್ದೇ ಆಗಿದೆ. ನಮಗೆ ಅದು ಇತ್ತೀಚೆಗೆ ಒದಗಿತು. ಅದರಲ್ಲಿ ನಮಗೆ ಎದುರಾದ ಒಂದು ಧರ್ಮಸಂಕಟವನ್ನು ಆಸ್ತಿಕ ಮಹಾಶಯರ ಮುಂದಿಡಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿರುವೆವು.

ನಮ್ಮ ಊರು ವಿಜಯಪುರ ಜಿಲ್ಲೆಯಲ್ಲಿ, ಕೃಷ್ಣಾನದಿಯ ಉತ್ತರ ದಡಕ್ಕೆ ಸಮೀಪದಲ್ಲಿರುವುದು. ಅಲ್ಲಿಯ ಹನುಮಂತದೇವರ ಪೂಜೆಯನ್ನು ನಮ್ಮ ಪಿತಾಮಹರೂ ತರುವಾಯ ನಮ್ಮ ತೀರ್ಥರೂಪರೂ ನಡೆಸಿಕೊಂಡು ಬಂದರು. ತೀರ್ಥರೂಪರು ವೈಕುಂಠವಾಸಿಗಳಾದ ಮೇಲೆ ಪೂಜೆಯು ನಮ್ಮ ದಾಯಾದಿಗಳೊಬ್ಬರ ಪಾಲಿಗೆ ಬಂದಿತು. ಮಾತೃಶ್ರೀಯವರು ಬೆಂಗಳೂರಿಗೆ ಬಂದರು. ಮನೆಯು ಒಂದು ಮಳೆಗಾಲವನ್ನು ಬೀಗ ಹಾಕಿಸಿಕೊಂಡು ಕಳೆಯುವುದರೊಳಗಾಗಿ ಹಿಂದಿನ ಗೋಡೆ ಕುಸಿಯಿತು. ಊರಿನವರೇ ಒಬ್ಬರು ಕೊಳ್ಳುವುದಾಗಿ ಮುಂದೆ ಬಂದುದರಿಂದ, ನಮ್ಮ ಅಗ್ರಜರು, ಮಾತೃಶ್ರೀಯವರು ಮತ್ತು ನಾವು ಕೂಡಿ ಆಲೋಚಿಸಿ, ಒಂದು ದಶಮಿಯ ದಿನ ಬೆಳಗಿನ ಜಾವ ಬಾಡಿಗೆಯ ವಾಹನದಲ್ಲಿ ಹೊರಟೆವು.

ದಾರಿ ಸುಮಾರು 500 ಕಿಲೋಮೀಟರು. ಚಿತ್ರದುರ್ಗದವರೆಗೆ ಪುಣೆಯ ಹೆದ್ದಾರಿ. ಅಲ್ಲಿಂದ ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದಗಳ ಮೇಲೆ ಉತ್ತರಾಭಿಮುಖವಾಗಿ ಸಾಗಬೇಕು. ಹೊಸಪೇಟೆಯಲ್ಲಿ ತುಂಗಭದ್ರೆಯನ್ನು ದಾಟುವಾಗ ಮಾತೃಶ್ರೀಯವರು ವಾಹನವನ್ನು ನಿಲ್ಲಿಸಹೇಳಿ, ಆನೆಗೊಂದಿಯ ನವವೃಂದಾವನದ ದಿಕ್ಕಿಗೆ ಕೈಮುಗಿದರು. ಅಲ್ಲಿಯೇ ನದಿಯ ಮಗ್ಗುಲಲ್ಲಿ ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿ, ದಶಮಿಯ ಒಪ್ಪೊತ್ತಿನ ಊಟವನ್ನು ಮುಗಿಸಿದೆವು. ಹುನಗುಂದವನ್ನು ಬಿಟ್ಟ ಮೇಲೆ ಮಾತು ಆಲಮಟ್ಟಿಯ ಕಡೆಗೆ ತಿರುಗಿತು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಜನರು ನವನಗರಕ್ಕೆ ಹೋಗಬೇಕಾಯಿತು. ಆ ಕಡೆಯಲ್ಲಿ "ಮುಳುಗಡೆ" ಎಂಬ ಒಂದು ಮಾತಿನಲ್ಲಿ ಆ ದುಃಖವೆಲ್ಲವೂ ಅಡಗಿದೆ. ನಮ್ಮ ಮನೆಯನ್ನು ಯಾವ ನೀರೂ ಮುಳುಗಿಸಲಿಲ್ಲ. ಅದನ್ನು ನಾವೇ ನಮ್ಮ ಅನುಕೂಲಕ್ಕಾಗಿ ಬಿಡುತ್ತಿರುವೆವಲ್ಲಾ ಎಂಬ ಅಳುಕು ಮನಸ್ಸಿನಲ್ಲಿ ಏಳದಿರಲಿಲ್ಲ. ಆದರೆ ಪಾಠಶಾಲೆಯಲ್ಲಿ ಕಲಿತವರಿಗೆ ಅಳುಕನ್ನು ಅಡಗಿಸುವ ಮಾತುಗಳಿಗೆ ಕೊರತೆಯಿಲ್ಲ. "ಸರ್ವವೂ ಶ್ರೀಹರಿಯ ಸ್ವತ್ತು, ನಾವು ಇದ್ದಾಗಲೂ ಅದು ನಮ್ಮದಲ್ಲ, ಬಿಟ್ಟಾಗಲೂ ನಮ್ಮದಲ್ಲ, ಶೋಕಕ್ಕೆ ಎಡೆಯೆಲ್ಲಿ?" ಎಂದು ನಾವು ದಾರಿಯುದ್ದಕ್ಕೂ ಉಪನ್ಯಾಸ ಮಾಡಿದೆವು. ಮಾತೃಶ್ರೀಯವರು ಕೇಳುತ್ತ ಕುಳಿತಿದ್ದರು.

ಮರುದಿನ ಏಕಾದಶಿ. ಒಲೆ ಹೊತ್ತಿಸುವ ಕೆಲಸವಿಲ್ಲದುದರಿಂದ ಬೆಳಗಿನ ಆಹ್ನಿಕವಾದೊಡನೆಯೇ ಕಾರ್ಯಕ್ಕೆ ತೊಡಗಿದೆವು. ಮಾತೃಶ್ರೀಯವರು ಪಡಸಾಲೆಯ ನೆಲದ ಮೇಲೆ ರಂಗೋಲಿಯ ಹುಡಿಯಿಂದ ಅಡ್ಡಗೆರೆಗಳನ್ನೆಳೆದು ನಾಲ್ಕು ಪಾಲು ಮಾಡಿದರು. ಮೊದಲನೆಯದರಲ್ಲಿ ಗುಡಿಗೆ ಸೇರಿದ ಸಾಮಗ್ರಿ, ಎರಡನೆಯದರಲ್ಲಿ ಗ್ರಂಥಗಳು, ಮೂರನೆಯದರಲ್ಲಿ ನಮ್ಮೊಡನೆ ಬರತಕ್ಕವು, ನಾಲ್ಕನೆಯದರಲ್ಲಿ ಕೊಡತಕ್ಕವು ಅಥವಾ ಮಾರತಕ್ಕವು. ಅರ್ಚಕರ ಮನೆಯಲ್ಲಿ ಗುಡಿಯ ಘಂಟೆ, ಉತ್ಸವದ ಕೊಡೆ, ನೈವೇದ್ಯದ ಪಾತ್ರೆಗಳು ಮನೆಯ ಸಾಮಾನುಗಳೊಡನೆ ಬೆರೆತುಹೋಗುವುದು ಸುಲಭ. ದೇವಸ್ವವು ಗೃಹಸ್ವದೊಡನೆ ಬೆರೆಯಬಾರದೆಂಬುದರಲ್ಲಿ ಧರ್ಮಶಾಸ್ತ್ರಗಳು ಬಹಳ ಕಠಿಣವಾಗಿವೆ. ಅವನ್ನು ಎಣಿಸಿ, ಊರ ಹಿರಿಯರ ಎದುರಿನಲ್ಲಿ ಈಗಿನ ಅರ್ಚಕರಿಗೆ ಒಪ್ಪಿಸಿ, ಒಂದು ಯಾದಿಯನ್ನು ಬರೆದುಕೊಟ್ಟೆವು. ಶಾಲಗ್ರಾಮಗಳ ಸಂಪುಟದ ವಿಷಯದಲ್ಲಿ ತೊಡಕೇನೂ ಇರಲಿಲ್ಲ. ಅವು ಕ್ರಯವಿಕ್ರಯಗಳಿಗೆ ಒಳಪಡತಕ್ಕವಲ್ಲ. ನಿತ್ಯಪೂಜೆಯ ಹೊಣೆಯನ್ನು ಹೊರುವವರ ಬಳಿ ಇರತಕ್ಕವು. ಅಗ್ರಜರಿಗೆ ರಾತ್ರಿಪಾಳಿಯ ಕೆಲಸವಿರುವುದರಿಂದ ಅವರು ತಾವಾಗಿಯೇ ಅವನ್ನು ನಮಗೆ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಅಟ್ಟದ ಮೇಲಿನ ವಸ್ತುಗಳು ಕೆಳಗಿಳಿದವು. ಕಟ್ಟುಕಟ್ಟು ಪಂಚಾಂಗಗಳು, ತೊಟ್ಟಿಲು, ಮಣೆಗಳು, ಒನಕೆ, ಕಿಲುಬು ಹಿಡಿದ ಹಿತ್ತಾಳೆಯ ಕೊಡಗಳು, ಇವೆಲ್ಲದರ ಹಿಂದೆ ಒಂದು ದೊಡ್ಡ ತಾಮ್ರದ ಹಂಡೆ. ಹಳೆಯ ಪಾತ್ರೆಗಳನ್ನು ತೂಕಕ್ಕೆ ಕೊಳ್ಳುವವನು ತಕ್ಕಡಿಯೊಡನೆ ಅಂಗಳದಲ್ಲಿ ಬಂದು ಕುಳಿತಿದ್ದನು. ನಾವು ಹಂಡೆಯನ್ನು ನಾಲ್ಕನೆಯ ಪಾಲಿನಲ್ಲಿಟ್ಟೆವು.

"ಅದು ನಮ್ಮ ಹಂಡೆ ಅಲ್ಲ, ತಮ್ಮಾ" ಎಂದರು ಮಾತೃಶ್ರೀಯವರು. "ನಾನು ಮದುವ್ಯಾಗಿ ಈ ಮನಿಗೆ ಬಂದಾಗಲೇ ಅದು ಅಟ್ಟದ ಮ್ಯಾಲಿತ್ತು. ಅದರಾಗ ನೀರು ಕಾಸಬ್ಯಾಡ ಅಂತ ನಮ್ಮ ಅತ್ತಿಯವರು ಹೇಳಿದ್ದರು."

ಐವತ್ತು ವರ್ಷಗಳಿಂದ ಈ ಮನೆಯಲ್ಲಿರುವ ಹಂಡೆಗೆ ಬೇರೆ ಯಜಮಾನರೆಲ್ಲಿರುವರು ಎಂದು ಯೋಚಿಸಿ, ನಾವು ದಾರಿಯಲ್ಲಿ ಆಡಿದ ಮಾತನ್ನೇ ಮತ್ತೆ ಆಡಿದೆವು: ಎಲ್ಲವೂ ದೇವರದೇ ಅಲ್ಲವೆ?

ಆಗ ಮಾತೃಶ್ರೀಯವರು ಕೇಳಿದ ಪ್ರಶ್ನೆ ಇದು: "ಎಲ್ಲಾ ದೇವರದು ಅಂತೀಯಲ್ಲಪಾ, ಮಾರಿದ ರೊಕ್ಕಾನೂ ದೇವರಿಗೇ ಹಾಕ್ತೀಯೇನು?"

ನಮ್ಮಲ್ಲಿ ಉತ್ತರವಿರಲಿಲ್ಲ. ಹಂಡೆಯನ್ನು ಬೋರಲು ಹಾಕಿ ಒರೆಸಿ ನೋಡಲು, ತಳದ ಮಗ್ಗುಲಲ್ಲಿ ಚುಕ್ಕೆಚುಕ್ಕೆಯಾಗಿ ಹೊಡೆಸಿದ ಅಕ್ಷರಗಳು ಕಂಡವು. ಅದು ನಮ್ಮ ಮನೆತನದ ಹೆಸರಾಗಿರದೆ, ಊರಿನ ಒಂದು ಒಕ್ಕಲುತನದ ಮನೆತನದ ಹೆಸರಾಗಿದ್ದಿತು. ತಕ್ಕಡಿಯವನನ್ನು ಮರುದಿನ ಬರಹೇಳಿ ಕಳುಹಿಸಿ, ಗ್ರಂಥಗಳ ಪಾಲಿನಲ್ಲಿದ್ದ ಪಿತಾಮಹರ ಕಿರ್ದಿ ಪುಸ್ತಕಗಳನ್ನು ಹುಡುಕಿದೆವು.

ಪರಿಧಾವಿ ಸಂವತ್ಸರದ (1972) ಬರಗಾಲವನ್ನು ನಮ್ಮ ಸೀಮೆಯ ಹಿರಿಯರು ಇಂದಿಗೂ ನೆನೆಯುವರು. ಬಿತ್ತಿದ ಜೋಳ ಮೊಳಕೆಯಲ್ಲಿಯೇ ಒಣಗಿ, ದನಗಳನ್ನು ಬಂದ ಬೆಲೆಗೆ ಮಾರಿ, ಜನರು ಕೂಲಿಯನ್ನು ಅರಸಿಕೊಂಡು ದೇಶಾಂತರ ಹೋದ ಕಾಲವದು. ಆ ವರ್ಷದ ಕಾರ್ತಿಕಮಾಸದ ಪುಟದಲ್ಲಿ ಪಿತಾಮಹರ ಹಸ್ತಾಕ್ಷರದಲ್ಲಿ ಹೀಗೆ ಬರೆದಿದ್ದಿತು: ಆ ಮನೆತನದವರು ಗೋವೆಯ ಕಡೆಗೆ ಹೋಗುತ್ತಾರೆ, ತಾಮ್ರದ ದೊಡ್ಡ ಹಂಡೆ 1, ಹಿತ್ತಾಳೆಯ ಕೊಡ 2, ಬೆಳ್ಳಿಯ ಕಾಲಕಡಗ ಜೋಡಿ 1, ತೂಕ 30 ತೊಲೆ, ತಿರುಗಿ ಬಂದಾಗ ಕೊಡತಕ್ಕದ್ದು. ಕೊಡಗಳು ಹಂಡೆಯ ಪಕ್ಕದಲ್ಲಿಯೇ ಇದ್ದವು. ಕಡಗಗಳು ಎಲ್ಲಿಯೂ ಇರಲಿಲ್ಲ.

ಅದೇ ಪುಟದ ಅಂಚಿನಲ್ಲಿ, ಬೇರೆ ಮಸಿಯಿಂದ, ನಮ್ಮ ತೀರ್ಥರೂಪರ ಅಕ್ಷರದಲ್ಲಿ ಮತ್ತೊಂದು ಸಾಲಿದ್ದಿತು: ವಿರೋಧಿ ಸಂವತ್ಸರ, ಜ್ಯೇಷ್ಠ; ಕಡಗ ಅಡವು; ಬಿಡಿಸತಕ್ಕದ್ದು.

ವಿರೋಧಿ ಸಂವತ್ಸರವೆಂದರೆ 2009. ಪಾಠಶಾಲೆಯ ಅಧ್ಯಯನವನ್ನು ಮುಗಿಸಿ ನಾವು ಬಿ.ಎ. ತರಗತಿಗೆ ಸೇರಿದುದು ಆ ವರ್ಷದ ಅದೇ ತಿಂಗಳಿನಲ್ಲಿ. ಪ್ರವೇಶದ ಶುಲ್ಕ, ಕೊಠಡಿಯ ಮುಂಗಡ, ಪುಸ್ತಕಗಳು ಇವುಗಳಿಗೆ ಹಣವೆಲ್ಲಿಂದ ಬಂದಿತೆಂದು ನಾವು ಅಂದು ಕೇಳಿರಲಿಲ್ಲ. ಬಿಡಿಸಿದುದರ ಗುರುತು ಆ ಸಾಲಿನ ಮುಂದೆ ಇರಲಿಲ್ಲ. ಮಾತೃಶ್ರೀಯವರು ಪುಟವನ್ನು ಬಹಳ ಹೊತ್ತು ನೋಡಿ, "ನನಗೂ ಹೇಳಿರಲಿಲ್ಲ" ಎಂದಷ್ಟೇ ನುಡಿದರು.

ಆ ರಾತ್ರಿ ಜಾಗರಣೆಗೆ ಬೇರೆ ಸಾಧನ ಬೇಕಾಗಲಿಲ್ಲ. ಅಗ್ರಜರ ಅಭಿಪ್ರಾಯವು ಹೀಗಿದ್ದಿತು: ಆ ಮನೆತನದವರು ಎಲ್ಲಿರುವರೆಂದು ವಿಚಾರಿಸಿ ಹಂಡೆ ಕೊಡಗಳನ್ನು ತಲಪಿಸೋಣ. ಆದರೆ ಕಡಗದ ಪುಟವನ್ನು ತೋರಿಸುವುದು ಬೇಡ. ತೀರ್ಥರೂಪರು ನಲವತ್ತು ವರ್ಷ ಆ ಊರಿನಲ್ಲಿ ದೇವರನ್ನು ಪೂಜಿಸಿ ಗಳಿಸಿದ ಹೆಸರನ್ನು ಅವರ ಮಕ್ಕಳೇ ಬೀದಿಗೆ ತರುವುದು ಯಾವ ಪಿತೃಭಕ್ತಿ? ಆ ಬೆಳ್ಳಿಯ ಬೆಲೆಯನ್ನು ನಾವು ಯಾವುದಾದರೂ ಅನ್ನದಾನಕ್ಕೋ ಗೋಶಾಲೆಗೋ ಕೊಟ್ಟುಬಿಟ್ಟರೆ ಆಗದೆ?

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಸತ್ತವರ ದೋಷವನ್ನು ಮರೆಮಾಡುವುದು ಮಕ್ಕಳಿಗೆ ಸಹಜವಾದ ಧರ್ಮವೆಂದೇ ತೋರುವುದು. ಆದುದರಿಂದ ನಾವು ಈ ವಿಷಯವನ್ನು ಮೂರು ಬಗೆಯಾಗಿ ವಿಚಾರಿಸಿದೆವು.

ಮೊದಲನೆಯದು, ನಾವೇ ಉಪನ್ಯಾಸ ಮಾಡಿದ ತತ್ತ್ವ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಎರಡಾಗಿ ವಿಂಗಡಿಸಿರುವರು. ಸ್ವತಂತ್ರನು ಶ್ರೀವಿಷ್ಣು ಒಬ್ಬನೇ. ಆದುದರಿಂದ ಪರಮಾರ್ಥದಲ್ಲಿ ಸಕಲಕ್ಕೂ ಸ್ವಾಮಿಯು ಆತನೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಸಿದ್ಧಾಂತವು ಅಷ್ಟಕ್ಕೇ ನಿಲ್ಲುವುದಿಲ್ಲ. ಪಂಚಭೇದಗಳು ಸತ್ಯವೆಂದು ಹೇಳುವವರು ನಾವು. ಜೀವನಿಗೂ ಈಶನಿಗೂ ಇರುವ ಭೇದವು ಎಷ್ಟು ಸತ್ಯವೋ ಜೀವಜೀವರೊಳಗಣ ಭೇದವೂ ಅಷ್ಟೇ ಸತ್ಯ. ಜಗತ್ತು ಸತ್ಯವಾದರೆ ಜಗತ್ತಿನೊಳಗಣ ಕೊಡುಕೊಳ್ಳುವಿಕೆಯೂ ಸತ್ಯ, ಋಣವೂ ಸತ್ಯ. "ಎಲ್ಲವೂ ದೇವರದು" ಎಂಬ ವಾಕ್ಯದಿಂದ "ಆದುದರಿಂದ ಇದು ನೆರೆಯವನದಲ್ಲ" ಎಂದು ಸಾಧಿಸಹೊರಟರೆ, ಬಾಯಲ್ಲಿ ದ್ವೈತವನ್ನು ಹೇಳಿ ಕೈಯಲ್ಲಿ ಅದನ್ನು ಅಳಿಸಿದಂತಾಗುವುದು.

ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರದ ತಾತ್ಪರ್ಯವನ್ನು ನೋಡಬಹುದು. ಜಗತ್ತೆಲ್ಲವೂ ಈಶನಿಗೆ ಅಧೀನವೆಂದು ಹೇಳಿದ ಆ ಮಂತ್ರವೇ ಮುಂದುವರಿದು, ಆತನು ಕೊಟ್ಟುದನ್ನು ಅನುಭವಿಸು, ಪರರ ಧನವನ್ನು ಬಯಸದಿರು ಎಂದು ವಿಧಿಸುವುದು. ಎಲ್ಲವೂ ಆತನದಾದ ಮೇಲೆ "ಪರರ ಧನ" ಎಂಬುದು ಎಲ್ಲಿಂದ ಬಂದಿತು? ಆತನು ಬೇರೊಬ್ಬರಿಗೆ ಕೊಟ್ಟುದೇ ಪರರ ಧನ. ಆ ಹಂಡೆಯನ್ನೂ ಕಡಗಗಳನ್ನೂ ಶ್ರೀಹರಿಯು ಆ ಒಕ್ಕಲಿನ ಮನೆಗೆ ಕೊಟ್ಟನೇ ಹೊರತು ನಮಗೆ ಕೊಡಲಿಲ್ಲ. ನಮಗೆ ಕೊಟ್ಟುದು ಅವುಗಳನ್ನು ಕಾಯುವ ಕೆಲಸವನ್ನು ಮಾತ್ರ. ಹೀಗಿರುವಾಗ ಸರ್ವಸ್ವಾಮಿಯ ಹೆಸರನ್ನು ಹೇಳಿ ನೆರೆಯವನ ಸ್ವತ್ತನ್ನು ಇಟ್ಟುಕೊಳ್ಳುವುದು ಆ ಸ್ವಾಮಿಯು ಮಾಡಿದ ಹಂಚಿಕೆಯನ್ನೇ ತಿದ್ದಹೊರಟಂತೆ.

ಎರಡನೆಯದು, ದಾನ ಮಾಡಿಬಿಡೋಣವೆಂಬ ಮಾತು. ದಾನವೆಂದರೆ ನಮ್ಮ ಸ್ವತ್ವವನ್ನು ನಿವೃತ್ತಿಗೊಳಿಸಿ ಪರರ ಸ್ವತ್ವವನ್ನು ಉಂಟುಮಾಡುವುದು. ನಮಗೆ ಸ್ವತ್ವವೇ ಇಲ್ಲದ ವಸ್ತುವಿನಲ್ಲಿ ನಿವೃತ್ತಿಗೊಳಿಸತಕ್ಕದ್ದು ಏನು? ಹೋಮದಲ್ಲಿ ಆಹುತಿಯನ್ನು ಕೊಡುತ್ತ "ಇದು ನನ್ನದಲ್ಲ" ಎನ್ನುವೆವು. ನಮ್ಮದಾಗಿದ್ದುದನ್ನು ಹಾಗೆನ್ನುವುದು ತ್ಯಾಗ; ಮೊದಲಿನಿಂದಲೂ ಪರರದಾಗಿದ್ದುದನ್ನು ಹಾಗೆನ್ನುವುದು ಬರಿಯ ನಿಜ, ಅದರಲ್ಲಿ ಪುಣ್ಯವೇನೂ ಇಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಮೊದಲನೆಯದಾಗಿ ಋಣಾದಾನ, ಎರಡನೆಯದಾಗಿ ನಿಕ್ಷೇಪ, ಮೂರನೆಯದಾಗಿ ಅಸ್ವಾಮಿವಿಕ್ರಯ ಬರುವುವು. ಸಾಲ, ನಂಬಿ ಇಟ್ಟ ವಸ್ತು, ಒಡೆಯನಲ್ಲದವನು ಮಾಡುವ ಮಾರಾಟ: ನಮ್ಮ ಪಡಸಾಲೆಯಲ್ಲಿ ಆ ದಿನ ಈ ಮೂರೂ ಬಂದು ಕುಳಿತಿದ್ದವು.

ಭಾಗವತದ ದಶಮಸ್ಕಂಧದಲ್ಲಿ ಬರುವ ನೃಗಮಹಾರಾಜನ ಕಥೆಯನ್ನು ವಾಚಕರೆಲ್ಲರೂ ಸಪ್ತಾಹಗಳಲ್ಲಿ ಕೇಳಿರುವರು. ಅಸಂಖ್ಯ ಗೋವುಗಳನ್ನು ದಾನ ಮಾಡಿದ ಆ ರಾಜನು, ಒಬ್ಬ ಬ್ರಾಹ್ಮಣನ ಗೋವು ತಪ್ಪಿಸಿಕೊಂಡು ಬಂದು ತನ್ನ ಮಂದೆಯಲ್ಲಿ ಬೆರೆತುದನ್ನು ತಿಳಿಯದೆ, ಅದನ್ನು ಮತ್ತೊಬ್ಬನಿಗೆ ದಾನವಾಗಿ ಕೊಟ್ಟನು. ಇಬ್ಬರೂ ಬಂದು ವಾದಿಸಿದಾಗ ಒಂದು ಗೋವಿಗೆ ಬದಲಾಗಿ ಲಕ್ಷ ಗೋವುಗಳನ್ನು ಕೊಡುವೆನೆಂದರೂ ಅವರು ಒಪ್ಪಲಿಲ್ಲ. ರಾಜನು ಓತಿಯಾಗಿ ಪಾಳುಬಾವಿಯಲ್ಲಿ ಬಿದ್ದಿದ್ದು, ಶ್ರೀಕೃಷ್ಣನ ಕರಸ್ಪರ್ಶದಿಂದ ಉದ್ಧಾರವಾಗುವವರೆಗೆ ಕಾಯಬೇಕಾಯಿತು. ನೃಗನು ಅರಿಯದೆ ಮಾಡಿದನು. ಕಿರ್ದಿಯ ಪುಟವನ್ನು ಓದಿದ ಮೇಲೆ ನಮಗೆ ಆ ಸಮಾಧಾನವೂ ಇರಲಿಲ್ಲ.

ಮೂರನೆಯದು, ತಂದೆಯವರ ಹೆಸರು. ಇದು ಎಲ್ಲಕ್ಕಿಂತ ಕಷ್ಟವಾದುದು. ತಂದೆಯು ಮಾಡಿದ ಸಾಲವನ್ನು ಮಗನು ತೀರಿಸಬೇಕೆಂದು ಸ್ಮೃತಿಗಳು ಹೇಳುವುವು. ಕುಡಿತ, ಜೂಜು ಮೊದಲಾದವುಗಳಿಗಾಗಿ ಮಾಡಿದ ಸಾಲಕ್ಕೆ ಮಗನು ಹೊಣೆಯಲ್ಲವೆಂದು ಯಾಜ್ಞವಲ್ಕ್ಯರು ವಿನಾಯಿತಿಯನ್ನು ಕೊಟ್ಟಿರುವರು. ಮಗನ ವಿದ್ಯೆಗಾಗಿ ಮಾಡಿದುದಕ್ಕೆ ಯಾವ ವಿನಾಯಿತಿಯೂ ಇಲ್ಲ, ಇರಲೂ ಬಾರದು. ಋಣವನ್ನು ಮಕ್ಕಳು ತೀರಿಸಬೇಕೆಂಬ ವಿಧಿಯ ಹಿಂದಿರುವ ಕಾಳಜಿಯು ಸಾಲ ಕೊಟ್ಟವನ ವಿಷಯದಲ್ಲಿ ಮಾತ್ರವಲ್ಲ, ಸತ್ತ ತಂದೆಯ ವಿಷಯದಲ್ಲಿಯೂ ಇರುವುದು. ಪುಟವನ್ನು ಮುಚ್ಚಿಟ್ಟರೆ ತೀರ್ಥರೂಪರ ಹೆಸರು ಉಳಿಯುವುದು ನಿಜ. ಜೊತೆಯಲ್ಲಿಯೇ ಅವರ ಋಣವೂ ಉಳಿಯುವುದು. ಅವರು "ಬಿಡಿಸತಕ್ಕದ್ದು" ಎಂದು ಬರೆದಿಟ್ಟುದು ಯಾರು ಓದಲೆಂದು? ಮುಚ್ಚಿಡಬೇಕೆಂದಿದ್ದರೆ ಅವರು ಬರೆಯುತ್ತಲೇ ಇರಲಿಲ್ಲ. ಅದು ಮಕ್ಕಳಿಗೆ ಬಿಟ್ಟುಹೋದ ಆಜ್ಞೆಯೆಂದೇ ನಮಗೆ ತೋರಿತು. ಈ ಮಾತನ್ನು ಕೇಳಿದ ಮೇಲೆ ಅಗ್ರಜರು ವಾದವನ್ನು ಬಿಟ್ಟರು. ಅವರು ಒಪ್ಪಿದರೆಂದು ಹೇಳಲಾರೆವು; ಎದುರಾಡಲಿಲ್ಲ.

ದ್ವಾದಶಿಯ ಪಾರಣೆಯು ಆ ಮನೆಯ ಕಡೆಯ ಅಡಿಗೆಯಾಯಿತು. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರನ್ನು ವಿಚಾರಿಸಲು, ಗೋವೆಗೆ ಹೋದ ಆ ಕುಟುಂಬದ ಮೊಮ್ಮಗನು ಈಗ ಹೊಸಪೇಟೆಯ ಹತ್ತಿರ ಸಂಸಾರ ಹೂಡಿರುವನೆಂದು ತಿಳಿದು, ದೂರವಾಣಿಯ ಸಂಖ್ಯೆಯೂ ದೊರೆಯಿತು. ಅದು ನಾವು ಮರಳುವ ದಾರಿಯೇ. ಹಂಡೆಯನ್ನು ವಾಹನದ ಮೇಲೆ ಕಟ್ಟಿಕೊಂಡು ಹೊರಟೆವು.

ಆತನು ನಮ್ಮ ವಯಸ್ಸಿನವನು. ಮೊದಲು ಸಂಶಯದಿಂದಲೇ ನೋಡಿದನು. ಹಂಡೆಯ ತಳದ ಹೆಸರನ್ನು ಓದಿದ ಮೇಲೆ ಒಳಗೆ ಕರೆದನು. ನಾವು ಕಿರ್ದಿಯ ಪುಟವನ್ನು ತೆರೆದು, ಪಿತಾಮಹರ ಬರಹವನ್ನೂ ತೀರ್ಥರೂಪರ ಸಾಲನ್ನೂ ಓದಿ ಹೇಳಿ, ಆ ಕಡಗಗಳಿಂದ ಓದಿದವರು ನಾವೇ ಎಂಬುದನ್ನೂ ತಿಳಿಸಿದೆವು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ನಮ್ಮ ಆಯಿ ಸಾಯೂತನಕ ಹೇಳತಿದ್ಲರೀ, ಕಡಗ ಆಚಾರ್ರ ಮನ್ಯಾಗ ಅದಾವು, ಎಲ್ಲಿಗೂ ಹೋಗೂದಿಲ್ಲ ಅಂತ."

ಹಾಗಾದರೆ ಕೇಳಲು ಏಕೆ ಬರಲಿಲ್ಲವೆಂದು ಅಗ್ರಜರು ವಿಚಾರಿಸಿದರು. "ದೇವರ ಪೂಜಿ ಮಾಡೂ ಮನಿ. ಹೋಗಿ ಕೇಳಿದ್ರ ಅಪನಂಬಿಕಿ ಮಾಡಿದಂಗ ಆಕ್ಕೈತಿ ಅಂತ ನಮ್ಮಪ್ಪ ಸುಮ್ಮನಿದ್ದ" ಎಂದನು.

ಈ ಉತ್ತರವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಒಡೆಯನು ಕೇಳಲಿಲ್ಲವಾದುದರಿಂದ ಬಿಟ್ಟುಕೊಟ್ಟನೆಂದು ನಾವು ಬಗೆಯುವೆವು. ಆತನು ಕೇಳದಿದ್ದುದು ನಮ್ಮ ಮೇಲಿನ ಗೌರವದಿಂದ. ಆ ಗೌರವವೇ ಆತನ ಬಾಯನ್ನು ಕಟ್ಟಿದ್ದಿತು. ರಾಜಶಾಸನದಲ್ಲಿ ದಾವೆಗೆ ಕಾಲಮಿತಿಯುಂಟು. ಬಾಯಿಬಿಟ್ಟು ಕೇಳಲಾರದವನ ಸ್ವತ್ತಿಗೆ ಧರ್ಮದಲ್ಲಿ ಅಂಥ ಮಿತಿಯಿಲ್ಲ. ಪೂಜೆ ಪುರಸ್ಕಾರಗಳಿಂದ ಊರಿನಲ್ಲಿ ಮರ್ಯಾದೆ ಪಡೆದ ಮನೆತನಗಳು ಈ ವಿಷಯದಲ್ಲಿ ಇತರರಿಗಿಂತ ಇಮ್ಮಡಿ ಎಚ್ಚರದಿಂದಿರಬೇಕು.

ಉಳಿದುದನ್ನು ಸಂಕ್ಷೇಪವಾಗಿ ಹೇಳುವೆವು. ಕಡಗದ ಬೆಲೆಯನ್ನು 2009ರ ದರದಲ್ಲಿ ಎಣಿಸಬೇಕೋ ಇಂದಿನ ದರದಲ್ಲಿಯೋ ಎಂಬ ಪ್ರಶ್ನೆ ಬಂದಿತು. ಅಂದಿಗೂ ಇಂದಿಗೂ ಬೆಳ್ಳಿಯ ಬೆಲೆಯಲ್ಲಿ ಬಹಳ ಅಂತರವಿರುವುದು. ನಮ್ಮ ಮನೆಯಲ್ಲಿಟ್ಟುದು ಬೆಳ್ಳಿಯೇ ಹೊರತು ಹಣವಲ್ಲವಾದುದರಿಂದ, ತೂಕಕ್ಕೆ ತೂಕ 30 ತೊಲೆ, ಎಂದರೆ ಸುಮಾರು 350 ಗ್ರಾಂ ಬೆಳ್ಳಿಯನ್ನೇ ಕೊಡುವುದೆಂದು ನಿಶ್ಚಯಿಸಿದೆವು. ಮನೆಯ ಮಾರಾಟ ನೋಂದಣಿಯಾದ ಮೇಲೆ, ಬಂದ ಹಣವನ್ನು ಹಂಚಿಕೊಳ್ಳುವುದಕ್ಕೆ ಮುನ್ನ, ಹಾಗೆಯೇ ಮಾಡಿದೆವು. ಅಗ್ರಜರು ತಾವೇ ಬೆಳ್ಳಿಯನ್ನು ಕೊಂಡು ತಂದರು. ಆತನ ಅಜ್ಜಿಯು ಕಾಲಿಗೆ ತೊಟ್ಟ ಕಡಗಗಳೇ ಬೇರೆ, ಈ ಬೆಳ್ಳಿಯೇ ಬೇರೆ. ಆ ಭೇದವನ್ನು ಯಾವ ತೂಕವೂ ತುಂಬಿಕೊಡಲಾರದು. ಅಷ್ಟರ ಮಟ್ಟಿಗೆ ನಾವು ಋಣಿಗಳಾಗಿಯೇ ಉಳಿದಿರುವೆವು.

ಊರಮನೆಗಳನ್ನು ತೆರವು ಮಾಡಲು ಹೊರಡುವ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಕ್ಕಡಿಯವನನ್ನು ಕರೆಯುವುದಕ್ಕೆ ಮುನ್ನ ಕಿರ್ದಿ ಪುಸ್ತಕಗಳನ್ನು ಓದಿರಿ. ಪಾತ್ರೆಗಳ ತಳವನ್ನು ಒರೆಸಿ ನೋಡಿರಿ. ಮನೆಯ ಹಿರಿಯ ಹೆಂಗಸರನ್ನು ಎದುರಿನಲ್ಲಿ ಕುಳ್ಳಿರಿಸಿಕೊಂಡು ಒಂದೊಂದು ವಸ್ತುವನ್ನೂ ಯಾರದೆಂದು ಕೇಳಿರಿ. ಬರೆದಿಡದ ಎಷ್ಟೋ ಲೆಕ್ಕಗಳು ಅವರ ನೆನಪಿನಲ್ಲಿರುವುವು. ಗುಡಿಯದು ಗುಡಿಗೆ, ನೆರೆಯವರದು ನೆರೆಯವರಿಗೆ ಸಂದ ಮೇಲೆ ಉಳಿಯುವುದು ಮಾತ್ರ ನಮಗೆ ಶ್ರೀಹರಿಯು ಕೊಟ್ಟುದು. ಅದನ್ನು "ನನ್ನದಲ್ಲ" ಎಂದು ಆತನಿಗೆ ಅರ್ಪಿಸುವ ಅಧಿಕಾರವು ಆಮೇಲೆ ಬರುವುದು.

ಆ ಮನೆಯಿಂದ ನಮ್ಮ ಪಾಲಿಗೆ ಶಾಲಗ್ರಾಮದ ಸಂಪುಟವೂ ಪಿತಾಮಹರ ಕಿರ್ದಿಯೂ ಬಂದಿವೆ. ಬೆಳ್ಳಿಯನ್ನು ಕೊಟ್ಟ ದಿನ, ತೀರ್ಥರೂಪರ ಸಾಲಿನ ಕೆಳಗೆ ಆ ಮೊಮ್ಮಗನು "ಮುಟ್ಟಿತು" ಎಂದು ತನ್ನ ಕೈಯಿಂದಲೇ ಬರೆದು ರುಜು ಹಾಕಿರುವನು.

॥ ಶ್ರೀಕೃಷ್ಣಾರ್ಪಣಮಸ್ತು ॥